ಸೈಕಲ್ ಇಳಿಯದೆ ಹೋಗೋಣ



ಮೊನ್ನೆ ಸಭೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯರೊಬ್ಬರು ತಮ್ಮ ಹುಡುಗಾಟದ ಕಾಲದ ಒಂದು ಮಾತು ಹೇಳಿದರು. ಅವರು ಹಳ್ಳಿಯಿಂದ ಮೈಸೂರಿಗೆ ಸೈಕಲ್ಲಲ್ಲಿ ಓದಲು ಬರುತ್ತಿದ್ದರು. ಕೇರಿ ದಾಟಿ ಮೇಲಿನ ಬೀದಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋಗಬೇಕು. ಬೀದಿ ಮುಗಿದ ಮೇಲೆ ಹತ್ತಬೇಕು. ಒಂದು ದಿನ ಜೋರು ಮಳೆ. ಇಳಿಯದೆ ಹೋದರು. ಜಗಲಿ ಮೇಲಿಂದ ಕೂಗು ಬಂತು: "ಯಾರ್ಲಾ ಅವ್ನು, ನಮ್ ಮುಂದೆ ಸವಾರಿ ಮಾಡೋನು? ಇಳೀಲಾ!" ಸಂಜೆ ಅಪ್ಪನನ್ನು ಕರೆಸಿ ಕೈಮುಗಿಸಿ ತಪ್ಪಾಯ್ತು ಅನ್ನಿಸಿದರು. "ಸೈಕಲ್ಲೂ ನಮ್ದೇ, ದುಡ್ಡೂ ನಮ್ದೇ. ಸೀಟು ಮಾತ್ರ ನಮ್ದಲ್ಲ" ಅಂದರು ಹಿರಿಯರು.

ಇದು ಒಂದೂರಿನ ಕಥೆಯಲ್ಲ. ಚಪ್ಪಲಿ ಕೈಗೆ ತಗೊಳ್ಳೋದು, ಛತ್ರಿ ಮಡಚೋದು, ಸೈಕಲ್ ಇಳಿಯೋದು ಎಲ್ಲ ಒಂದೇ ಕಟ್ಟಳೆ. ಕುದುರೆ ಹತ್ತಿದ ನಮ್ಮ ಮದುವೆ ಗಂಡುಗಳನ್ನು ಕೆಳಗಿಳಿಸಿದ ಸುದ್ದಿ ರಾಜಸ್ಥಾನ, ಗುಜರಾತುಗಳಿಂದ ಈ ಕಾಲದಲ್ಲೂ ಬರುತ್ತಲೇ ಇದೆ. ನಾವು ಎತ್ತರದಲ್ಲಿ ಕೂತರೆ ಸವರ್ಣೀಯರ ಕಣ್ಣಿಗೆ ಚುಚ್ಚುತ್ತದೆ.

ಮೈಸೂರಿನಲ್ಲಿ ಈಗ ಸೈಕಲ್ಲಿಗೆ ಬಹಳ ಮರ್ಯಾದೆ ಬಂದಿದೆ. ದಸರಾ ಕಾಲಕ್ಕೆ ಪಾರಂಪರಿಕ ಸೈಕಲ್ ಸವಾರಿ ನಡೆಸುತ್ತಾರೆ. 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಅಂತ 450 ಸೈಕಲ್ಲುಗಳನ್ನು ಬಾಡಿಗೆಗೆ ಬಿಟ್ಟಾಗ ದೇಶಕ್ಕೇ ಮೊದಲು ಎಂದು ಹೊಗಳಿಕೊಂಡರು. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡವರು ಗುಂಪುಗುಂಪಾಗಿ ಚಾಮುಂಡಿ ಬೆಟ್ಟ ಹತ್ತುತ್ತಾರೆ. ಹತ್ತಲಿ, ನಮಗೆ ಹೊಟ್ಟೆಯುರಿ ಇಲ್ಲ. ಆದರೆ ಅವರು ಹೋಗುವ ರಸ್ತೆಯನ್ನು ಅಷ್ಟೊತ್ತಿಗಾಗಲೇ ಗುಡಿಸಿ ಮುಗಿಸಿದ ಪೌರಕಾರ್ಮಿಕ ತಾಯಂದಿರು ಇದ್ದಾರಲ್ಲ, ಅವರಲ್ಲಿ ಎಷ್ಟು ಜನ ಕತ್ತಲಲ್ಲಿ ನಡೆದೇ ಹಾಜರಿಗೆ ಬಂದವರು? ಅವರಿಗೆ ಯಾರಾದರೂ ಸೈಕಲ್ ಕಲಿಸಿದ್ದುಂಟೆ? 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯದೇ ಆಯಿತು. ಆದರೆ ಮೊದಲ ಬಸ್ಸು ಬರುವ ಹೊತ್ತಿಗೆ ಪೊರಕೆ ಕೈಯಲ್ಲಿರಬೇಕು. ಬಸ್ಸು ಗಲ್ಲಿ ಒಳಗೆ ಬರಲ್ಲ.

ಬೇರೆಯವರನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಏಪ್ರಿಲ್ 14ರಂದು ನೀಲಿ ಬಾವುಟ ಕಟ್ಟಿ ನಾವು ಬೈಕ್ ರ‍್ಯಾಲಿ ಮಾಡುತ್ತೇವೆ. ಬೈಕ್ ಓಡಿಸೋರು ಗಂಡಸರು. ಅಕ್ಕತಂಗಿಯರು ಒಂದೋ ಹಿಂದಿನ ಸೀಟಲ್ಲಿ, ಇಲ್ಲವೇ ಮನೆಯಲ್ಲಿ ಪಾಯಸದ ಮುಂದೆ. ಸಭೆಗೆ ಹೆಂಗಸರು ಬರುವುದಿಲ್ಲ ಎಂದು ಭಾಷಣ ಮಾಡುತ್ತೇವೆ. ಹೇಗೆ ಬರಬೇಕು, ಯಾರ ಗಾಡಿ ಹತ್ತಿ ಬರಬೇಕು ಅಂತ ಯೋಚಿಸಿದ್ದೇವಾ? ಮೇಲಿನ ಬೀದಿಯವರು ನಮ್ಮನ್ನು ಸೀಟಿಂದ ಇಳಿಸಿದರು. ನಾವು ನಮ್ಮ ಹೆಣ್ಣುಮಕ್ಕಳನ್ನು ಹತ್ತಿಸಲೇ ಇಲ್ಲ.

ಸರ್ಕಾರದ ಸೈಕಲ್ಲಿನ ಗತಿಯೂ ಇದೇ. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು. ಅದರ ಮೇಲೆ ಕೂತು ನಮ್ಮ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಕಂಡರು, ಇಲ್ಲ ಅನ್ನೋದಿಲ್ಲ. ಆದರೆ ಎಷ್ಟೋ ಮನೆಯಲ್ಲಿ ಅದನ್ನು ಅಣ್ಣ ತಗೊಂಡ, ಅಪ್ಪ ತಗೊಂಡ, ಹುಲ್ಲಿನ ಹೊರೆ ಹೇರಿದರು. ಹುಡುಗಿ ನಡೆದೇ ಹೋದಳು. ಕೊಟ್ಟವರು ಕಲಿಸಲಿಲ್ಲ. ಓಡಿಸಲು ಬಾರದವಳ ಸೈಕಲ್ಲು ಮನೆಯಲ್ಲಿ ಓಡಿಸಲು ಬರುವವನ ಪಾಲಾಗುತ್ತದೆ. ಕೊರೊನಾ ವರ್ಷಗಳಲ್ಲಿ ಆ ಕೊಡುವುದೂ ನಿಂತಿತು.

ಕಲಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆ ನೋಡಿ. 1991ರಲ್ಲಿ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆ ಸೈಕಲ್ಲನ್ನೂ ಪಾಠಕ್ಕೆ ಸೇರಿಸಿದರು. ಆಗಿನ ಕಲೆಕ್ಟರ್ ಶೀಲಾರಾಣಿ ಚುಂಕತ್ ಬೆನ್ನಿಗೆ ನಿಂತರು. ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯೋರು, ಅಂಗನವಾಡಿಯವರು, ಮುಸ್ಲಿಂ ಹೆಣ್ಣುಮಕ್ಕಳು ಎಲ್ಲ ಕಲಿತರು. ಒಂದೂವರೆ ವರ್ಷದಲ್ಲಿ ಲಕ್ಷಕ್ಕೂ ಮಿಕ್ಕಿ ಹೆಂಗಸರು ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಆಡಿಕೊಂಡವರಿದ್ದರು. ಆದರೆ ಅಷ್ಟು ಜನ ಒಟ್ಟಿಗೆ ಹತ್ತಿದ ಮೇಲೆ ಎಷ್ಟು ಜನರನ್ನು ಆಡಿಕೊಳ್ಳುತ್ತಾರೆ?

ಗುಂಪಿನ ಬಲ ಅದು. ಕಾನ್ಶಿರಾಮರಿಗೆ ಅದು ಗೊತ್ತಿತ್ತು. 1983ರ ಮಾರ್ಚ್‌ನಲ್ಲಿ ದಿಲ್ಲಿಯಿಂದ ನೂರರಷ್ಟು ಜನರನ್ನು ಕಟ್ಟಿಕೊಂಡು ಸೈಕಲ್ ಜಾಥಾ ಹೊರಟರು, ಹಲವು ರಾಜ್ಯ ಸುತ್ತಿದರು. ಮರು ವರ್ಷ ಏಪ್ರಿಲ್ 14ಕ್ಕೆ ಪಕ್ಷವನ್ನೇ ಕಟ್ಟಿದರು. ಪೆಟ್ರೋಲಿಗೆ ಯಾರ ಮುಂದೂ ಕೈ ಚಾಚಲಿಲ್ಲ. ನಮ್ಮ ಕಡೆ ಚಳವಳಿಯೂ ಹೀಗೇ ಬೆಳೆದದ್ದು. ಸೈಕ್ಲೋಸ್ಟೈಲ್ ಹಾಳೆ ಊರೂರು ಮುಟ್ಟಿದ್ದು ಸೈಕಲ್ ಕ್ಯಾರಿಯರ್ ಮೇಲೆಯೇ.

ಅದಕ್ಕೇ ಹೇಳುತ್ತಿದ್ದೇವೆ. ಅಶೋಕಪುರಂ, ಗಾಂಧಿನಗರ, ಎಲ್ಲ ಕೇರಿಗಳಲ್ಲೂ ಭಾನುವಾರ ಬೆಳಿಗ್ಗೆ ಎರಡು ಗಂಟೆ ಸೈಕಲ್ ಕಲಿಸುವ ಕೆಲಸ ಶುರು ಮಾಡಿ. ಹತ್ತಿರದ ಮೈದಾನ ಸಾಕು. ಮನೆಯಲ್ಲಿ ತುಕ್ಕು ಹಿಡಿದ ಸರ್ಕಾರಿ ಸೈಕಲ್ಲು ಈಚೆ ತನ್ನಿ, ಎಣ್ಣೆ ಬಿಡಿ. ನಾವು ಗಂಡುಹುಡುಗರು ಬಾರಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲ್ ಹೊಡೆದು, ಮಂಡಿ ತರಚಿಕೊಂಡು ಕಲಿತೆವು. ನಲವತ್ತು ದಾಟಿದ ಅಕ್ಕನಿಗೆ ಅದು ಬೇಡ. ಬಿದ್ದರೆ ನಾಳಿನ ಕೂಲಿ ಹೋಗುತ್ತದೆ. ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ಪೆಡಲ್ ಎರಡನ್ನೂ ಬಿಚ್ಚಿಡಿ. ಕಾಲಲ್ಲಿ ನೆಲ ತಳ್ಳಿಕೊಂಡು ಓಡಾಡಲಿ. ತೂಕ ಹಿಡಿಯುವುದು ಬಂದ ಮೇಲೆ ಪೆಡಲ್ ಹಾಕಿ. ಚಕ್ರ ನೋಡಬೇಡಿ, ದೂರ ನೋಡಿ ಎನ್ನಿ. ಬ್ರೇಕು ಮೊದಲ ದಿನವೇ ಕಲಿಸಿ. ಸೆರಗು ಸೊಂಟಕ್ಕೆ ಬಿಗಿದಿರಲಿ, ಚೈನಿಗೆ ಸಿಕ್ಕೀತು. "ನಂಗ್ಯಾಕಪ್ಪ ಈ ವಯಸ್ಸಲ್ಲಿ" ಅಂದವರನ್ನು ನಗಬೇಡಿ, ಮುಂದಿನ ವಾರ ಮತ್ತೆ ಕರೆಯಿರಿ. ಮೈದಾನದ ಸುತ್ತ ನಿಂತು ಸಿಳ್ಳೆ ಹೊಡೆಯುವ ನಮ್ಮ ಹೈಕಳಿಗೆ ಪಂಪು ಕೊಟ್ಟು ಗಾಳಿ ಹೊಡೆಯಲು ಹಚ್ಚಿ.

ಬರುವ ಜಯಂತಿಗೆ ಬೈಕುಗಳು ಮನೆಯಲ್ಲಿರಲಿ. ಅಶೋಕಪುರದಿಂದ ಪುರಭವನದ ಬಾಬಾಸಾಹೇಬರ ಪ್ರತಿಮೆವರೆಗೆ ಎಲ್ಲರೂ ಸೈಕಲ್ಲಲ್ಲಿ ಹೋಗೋಣ. ಮುಂದೆ ಯಾರು ಎಂದು ಮುಖಂಡರಲ್ಲಿ ಜಗಳ ಬೇಡ. ಕಡೇಗೆ ಕಲಿತ ಅಕ್ಕ ಮುಂದೆ ಇರಲಿ, ಆಕೆ ಹೋದಷ್ಟು ಜೋರಾಗಿ ನಾವೂ ಹೋದರೆ ಸಾಕು. ಪಂಕ್ಚರ್ ಹಾಕಲು ಬರುವವರು ದಯವಿಟ್ಟು ಹಿಂದೆ ಬನ್ನಿ.