ಗುಡಾರಕ್ಕೆ ಹವಾನಿಯಂತ್ರಣ, ಕಡಲಿಗೆ ಹಗ್ಗ

ನಮ್ಮ ಸಂಘದ ಮುಂದಿನ ವಾರ್ಷಿಕ ಪ್ರವಾಸವನ್ನು ಉತ್ತರ ಕನ್ನಡದ ಕಡಲತೀರದಲ್ಲಿ, ‘ಗ್ಲ್ಯಾಂಪಿಂಗ್’ ಎಂಬ ನವೀನ ವ್ಯವಸ್ಥೆಯಲ್ಲಿ ಏರ್ಪಡಿಸಬೇಕೆಂದು ಕೆಲವು ಯುವಮಿತ್ರರು ಕಾರ್ಯಕಾರಿ ಸಮಿತಿಯ ಮುಂದೆ ಸೂಚನೆಯನ್ನಿಟ್ಟರು. ಶಬ್ದದ ಅರ್ಥವೇನೆಂದು ಕೇಳಿದೆವು. ಗ್ಲಾಮರ್ ಮತ್ತು ಕ್ಯಾಂಪಿಂಗ್ ಎಂಬೆರಡು ಆಂಗ್ಲ ಪದಗಳನ್ನು ಕತ್ತರಿಸಿ ಹೊಲಿದದ್ದು ಎಂಬ ಉತ್ತರ ಬಂದಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವ್ಯಾಕರಣ ಬೋಧಿಸಿದ ನಮಗೆ ಇದು ಯಾವ ಸಮಾಸವೆಂದು ಹೊಳೆಯಲಿಲ್ಲ. ಅರಿಸಮಾಸವೆಂದು ಕರೆದರೂ ಅದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಗೌರವ ಸಂದೀತು.

ವಸ್ತು ಇಷ್ಟೇ: ಹೊರಗೆ ಬಟ್ಟೆಯ ಗುಡಾರ, ಒಳಗೆ ಹವಾನಿಯಂತ್ರಣ, ಸ್ಪ್ರಿಂಗ್ ಮಂಚ, ಬಿಸಿನೀರಿನ ಸ್ನಾನಗೃಹ. ಇದರ ಸೋದರನೊಬ್ಬನಿದ್ದಾನೆ, ಕ್ಯಾರವಾನ್. ಅಂದರೆ ಅಡುಗೆಮನೆ, ಶೌಚಾಲಯ, ಹಾಸಿಗೆಗಳನ್ನೆಲ್ಲ ಹೊತ್ತು ತಿರುಗುವ ಬಸ್ಸು. ನಾವು ಸೂಚನೆಯನ್ನು ವಿರೋಧಿಸಿದೆವು. ಕಾರಣಗಳನ್ನು ವಿವರಿಸುವಷ್ಟರಲ್ಲಿ ಚಹಾ ಬಂದುದರಿಂದ ಸಭೆ ಚದುರಿತು. ಆದಕಾರಣ ಈ ಸ್ಮರಣ ಸಂಚಿಕೆಯ ಪುಟಗಳನ್ನು ಆಶ್ರಯಿಸಿದ್ದೇವೆ.

ಮುದುಕರು ಸುಖವನ್ನು ಕಂಡು ಕರುಬುತ್ತಾರೆಂದು ಯಾರೂ ಭಾವಿಸಬಾರದು. ಗುಡಾರ ನಮಗೆ ಹೊಸದಲ್ಲ. ಸ್ಕೌಟ್ ಮಾಸ್ತರರಾಗಿ ಮಕ್ಕಳೊಡನೆ ಎಷ್ಟೋ ರಾತ್ರಿಗಳನ್ನು ಬಯಲಲ್ಲಿ ಕಳೆದಿದ್ದೇವೆ. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಶ್ರೀಮಂತರ ಮಕ್ಕಳನ್ನೂ ಕಾರ್ಮಿಕರ ಮಕ್ಕಳನ್ನೂ ಒಂದೇ ಶಿಬಿರದಲ್ಲಿ ಇರಿಸಿದರು. ಗುಡಾರದ ಪ್ರಯೋಜನವೇ ಅದಾಗಿತ್ತು. ಅದಕ್ಕೂ ಮುಂಚೆ ನಮ್ಮ ಹಿರಿಯರು ಕಮಾನು ಗಾಡಿ ಕಟ್ಟಿಕೊಂಡು ಚಂದ್ರಚೂಡೇಶ್ವರನ ತೇರಿಗೂ ದೇನ್ಕಣಿಕೋಟೆಯ ಬೆಟ್ಟರಾಯಸ್ವಾಮಿಯ ಜಾತ್ರೆಗೂ ಬರುತ್ತಿದ್ದರು. ಗಾಡಿಯ ಅಡಿಯಲ್ಲಿಯೇ ಮಲಗಿ, ಮೂರು ಕಲ್ಲಿನ ಒಲೆಯಲ್ಲಿ ಮುದ್ದೆ ಬೇಯಿಸಿ ಉಣ್ಣುತ್ತಿದ್ದರು. ಪಕ್ಕದ ಗಾಡಿಯವರಿಗೂ ನಮಗೂ ನಡುವೆ ಹಗ್ಗ ಕಟ್ಟಿದ್ದನ್ನು ನಾವು ಕಂಡಿಲ್ಲ.

ಹಗ್ಗದ ಮಾತೆತ್ತಲು ಕಾರಣವುಂಟು. 1986ರಲ್ಲಿ ನಮ್ಮ ಶಾಲೆಯ ಕನ್ನಡ ಮಾಧ್ಯಮದ ನಲವತ್ತು ಮಕ್ಕಳನ್ನು ಕುಮಟಾ ಹೊನ್ನಾವರಗಳ ನಡುವಿನ ಒಂದು ಕಡಲತೀರಕ್ಕೆ ಕರೆದೊಯ್ದಿದ್ದೆವು. ಅವರಲ್ಲಿ ಒಬ್ಬನೂ ಅದುವರೆಗೆ ಸಮುದ್ರ ಕಂಡವನಲ್ಲ. ಊರಿನ ಪ್ರಾಥಮಿಕ ಶಾಲೆಯ ಜಗುಲಿಯಲ್ಲಿ ಮಲಗಿದೆವು. ಬೆಳಗಾಗುವುದರೊಳಗೆ ಹುಡುಗರೆಲ್ಲ ಮಳಲಿನ ಮೇಲಿದ್ದರು. ಮೀನು ಒಣಗಿಸುತ್ತಿದ್ದ ವೃದ್ಧೆಯೊಬ್ಬರು ‘ಯಾವ ಊರಿನ ಮಕ್ಕಳು?’ ಎಂದು ವಿಚಾರಿಸಿ, ತಮಿಳುನಾಡಿನಿಂದ ಬಂದ ಕನ್ನಡದ ಮಕ್ಕಳೆಂದು ತಿಳಿದು ಬೆರಗಾಗಿ, ಕುಚ್ಚಲಕ್ಕಿಯ ಗಂಜಿ ಮಾಡಿ ಬಡಿಸಿದರು. ರಾಗಿ ಉಂಡು ಬೆಳೆದ ನಮ್ಮ ಹುಡುಗರು ಮುಖ ಕಿವಿಚಿಕೊಂಡು ಕುಡಿದರು. ಆ ಹುಡುಗರು ಈಗಲೂ ಬೀದಿಯಲ್ಲಿ ಎದುರಾದಾಗ ಬೇರಾವ ಪಾಠವನ್ನೂ ನೆನೆಯುವುದಿಲ್ಲ, ಆ ಗಂಜಿಯನ್ನು ನೆನೆಯುತ್ತಾರೆ.

ಎರಡು ವರ್ಷದ ಹಿಂದೆ ಬಂಧುಗಳ ಮದುವೆಗೆಂದು ಕುಮಟೆಗೆ ಹೋದಾಗ ಆ ತೀರವನ್ನು ಹುಡುಕಿಕೊಂಡು ಹೋದೆವು. ಬಿಳಿಯ ಗುಡಾರಗಳ ಸಾಲು, ಅದರ ಮುಂದೆ ನೀರಿನವರೆಗೂ ಹಗ್ಗ. ಮಣಿಕಟ್ಟಿಗೆ ಬಣ್ಣದ ಪಟ್ಟಿ ಇಲ್ಲದವರಿಗೆ ಪ್ರವೇಶವಿಲ್ಲ. ಕಾವಲಿನ ಹುಡುಗ ಸ್ಥಳೀಯನೇ. ‘ಇದು ಗೆಸ್ಟ್ ಏರಿಯಾ, ಸರ್’ ಎಂದವನು, ಬಳಿಕ ಧ್ವನಿ ತಗ್ಗಿಸಿ, ‘ನಮ್ಮ ಮನೆಯವರೇ ಆ ಕಡೆಯಿಂದ ಸುತ್ತಿ ಹೋಗುತ್ತಾರೆ’ ಎಂದ. ಸ್ಥಳದ ಹೆಸರು ಬರೆಯುವುದಿಲ್ಲ. ಒಂದು ಹಗ್ಗವನ್ನು ಬಯ್ದು ಉಳಿದವನ್ನು ಬಿಟ್ಟಂತಾದೀತು.

ಈ ಹಗ್ಗ ಕಟ್ಟಲು ಅಧಿಕಾರ ಕೊಟ್ಟವರಾರು? 1996ರ ಡಿಸೆಂಬರಿನಲ್ಲಿ ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ಗಾಳಿ, ಹರಿಯುವ ನೀರು, ಕಾಡು, ಕಡಲತೀರ ಇವು ಸರ್ವರ ಸ್ವತ್ತು, ಸರ್ಕಾರ ಇವುಗಳ ಒಡೆಯನಲ್ಲ, ಧರ್ಮದರ್ಶಿ ಮಾತ್ರ. ಆ ವ್ಯಾಜ್ಯವೂ ಹಿಮಾಚಲದಲ್ಲಿ ಬಿಯಾಸ್ ನದಿಯ ದಡದ ವಿಹಾರಗೃಹವೊಂದರಿಂದಲೇ ಹುಟ್ಟಿತೆಂಬುದು ಗಮನಾರ್ಹ. ಆದರೆ ಧರ್ಮದರ್ಶಿಯ ಕೈ ಸಡಿಲವಾಗುತ್ತ ಬಂದಿದೆ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಭರತದ ಗೆರೆಯಿಂದ 200 ಮೀಟರು ಹೊಸ ನಿರ್ಮಾಣ ಕೂಡದೆಂದಿತು. 2019ರ ಅಧಿಸೂಚನೆಯಲ್ಲಿ ಜನದಟ್ಟಣೆಯ ಹಳ್ಳಿಗಳಿಗೆ ಅದು 50 ಮೀಟರಿಗೆ ಇಳಿಯಿತು; ಮಳಲ ಮೇಲೆಯೇ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ದಾರಿಯಾಯಿತು.

‘ತಾತ್ಕಾಲಿಕ’ ಎಂಬ ಶಬ್ದದ ಮೇಲೆಯೇ ನಮ್ಮ ಮಿತ್ರರ ವಾದವೆಲ್ಲ ನಿಂತಿದೆ. ಗುಡಾರ ಕಾಂಕ್ರೀಟಲ್ಲ, ಮಳೆಗಾಲಕ್ಕೆ ಮಡಚಿಡುತ್ತಾರೆ, ನೆಲಕ್ಕೆ ಗಾಯವಿಲ್ಲ ಎನ್ನುತ್ತಾರೆ. ಅರ್ಧ ಸತ್ಯ. ಗುಡಾರ ಬಿಚ್ಚಿರುವ ಮಳೆಗಾಲದಲ್ಲಿ ಕಡಲು ಯಾರಿಗೂ ಬೇಡ. ಯಂತ್ರದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಗುಡಾರ ನಿಂತಿರುವ ಚಳಿಗಾಲದಲ್ಲಿಯೇ ಆಲಿವ್ ರಿಡ್ಲೆ ಆಮೆಗಳು ಅದೇ ಮಳಲಿಗೆ ಮೊಟ್ಟೆಯಿಡಲು ಏರಿ ಬರುತ್ತವೆ. ಸುಮಾರು ಐವತ್ತು ದಿನಗಳ ಬಳಿಕ ರಾತ್ರಿ ಮರಿಗಳು ಹೊರಬಂದು, ಬೆಳಕು ಕಂಡ ದಿಕ್ಕಿಗೆ ಓಡುತ್ತವೆ. ಕತ್ತಲ ತೀರದಲ್ಲಿ ಬೆಳಕೆಂದರೆ ಕಡಲು. ಗುಡಾರದ ತೋರಣದೀಪಗಳಿರುವಲ್ಲಿ ಬೆಳಕೆಂದರೆ ಊಟದ ಮೇಜು. ದೀಪವೂ ತಾತ್ಕಾಲಿಕವೇ, ನಿಜ. ಮರಿಯ ಆಯುಷ್ಯ ಇನ್ನೂ ತಾತ್ಕಾಲಿಕ.

ಕ್ಯಾರವಾನಿನ ವಿಷಯದಲ್ಲಿ ನಾವು ಕೊಂಚ ಮೆದುವಾಗಬೇಕಾಗಿದೆ. ಸ್ತ್ರೀಯರಿಗೂ ನಮ್ಮಂತಹ ವೃದ್ಧರಿಗೂ ದಾರಿಯಲ್ಲಿ ಶುಚಿಯಾದ ಶೌಚಾಲಯ ಎಷ್ಟು ದೊಡ್ಡ ಉಪಕಾರವೆಂಬುದನ್ನು ಎಪ್ಪತ್ತು ದಾಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೊಂದು ನೀತಿ ಪ್ರಕಟಿಸಿ, ವಾಹನಗಳ ಜೊತೆಗೆ ಅವು ತಂಗುವ ಉದ್ಯಾನಗಳನ್ನೂ ಸೇರಿಸಿತು. ಅದು ವಿವೇಕ. ಏಕೆಂದರೆ ಆ ಬಸ್ಸಿನ ಮಲದ ತೊಟ್ಟಿ ಎಲ್ಲಿಯೋ ಬರಿದಾಗಲೇಬೇಕು. ಮಳಲಿನ ಊರುಗಳಲ್ಲಿ ಬಾವಿಯ ನೀರು ಹತ್ತಾರು ಅಡಿಯಲ್ಲಿಯೇ ಸಿಕ್ಕುತ್ತದೆ, ಮಲಿನವೂ ಅಷ್ಟೇ ಬೇಗ ಅದಕ್ಕೆ ಸಿಕ್ಕುತ್ತದೆ. ತೊಟ್ಟಿ ಎಲ್ಲಿ ಬರಿದಾಗುವುದೆಂದು ಕೇಳಿದಾಗ ಸಮಿತಿಯಲ್ಲಿ ಎಲ್ಲರೂ ನಕ್ಕರು. ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ.

ಕಡಲು ದೂರದ್ದು, ಹೊಸೂರಿನವರಿಗೇಕೆ ಈ ಚಿಂತೆ ಎನ್ನುವವರು ತಳಿಯ ರಸ್ತೆಯಲ್ಲಿ ಒಮ್ಮೆ ಹೋಗಿಬರಲಿ. ಆಲಸನತ್ತಂನ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ. ಬೆಂಗಳೂರಿನ ಶನಿವಾರಕ್ಕಾಗಿ ಅಲ್ಲಿಯೂ ಗುಡಾರಗಳು ಏಳತೊಡಗಿವೆ. ರಾಗಿ ಕಟಾವಿನ ಕಾಲಕ್ಕೆ ಬನ್ನೇರುಘಟ್ಟದಿಂದ ಜವಳಗಿರಿ, ತಳಿ ಮಾರ್ಗವಾಗಿ ಸಾನಮಾವು ಕಾಡಿಗೆ ಆನೆಗಳು ಇಳಿದು ಬರುತ್ತವೆ. ನಮ್ಮ ರೈತ ತಮಟೆ ಹಿಡಿದು ಹೊಲದಲ್ಲಿ ಎಚ್ಚರವಿರುತ್ತಾನೆ. ಪಕ್ಕದ ತೋಟದಲ್ಲಿ ದೀಪ, ಧ್ವನಿವರ್ಧಕ, ಎಂಜಲಿನ ರಾಶಿ ಇದ್ದರೆ ಆನೆ ತನ್ನ ದಾರಿ ಬಿಟ್ಟು ಯಾರ ಹೊಲಕ್ಕೆ ತಿರುಗುವುದು? ಗುಡಾರದವರ ಹೊಲಕ್ಕಂತೂ ಅಲ್ಲ, ಅವರಿಗೆ ಹೊಲವಿಲ್ಲ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಣೆಯಾಯಿತು. ಆದರೆ ಆನೆ ನಕ್ಷೆ ಓದುವುದಿಲ್ಲ.

ಉದ್ಯೋಗ ಬರುವುದಲ್ಲವೆ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳೇ ಅಂತಹ ಕಡೆ ದುಡಿಯುತ್ತಿದ್ದಾರೆ. ನಮ್ಮ ಸದಸ್ಯರೊಬ್ಬರು ಅಲ್ಲಿ ಹಣವನ್ನೂ ತೊಡಗಿಸಿದ್ದಾರೆ, ಅವರು ಈ ಲೇಖನಕ್ಕಾಗಿ ನಮ್ಮ ಮೇಲೆ ಮುನಿಯದಿರಲಿ. ಕೇಳುವುದಿಷ್ಟೇ. ಮನೆಯ ಕೋಣೆಯೊಂದನ್ನು ಅತಿಥಿಗೆ ಬಿಟ್ಟುಕೊಟ್ಟು, ತಾವೇ ಅಡುಗೆ ಮಾಡಿ ಬಡಿಸುವ ಕುಟುಂಬಗಳು ಗೋಕರ್ಣ ಸೀಮೆಯಲ್ಲಿ ಇಂದಿಗೂ ಇವೆ. ಅಲ್ಲಿ ಹಣ ಅಡುಗೆಮನೆಗೆ ನೇರವಾಗಿ ಸಲ್ಲುತ್ತದೆ. ಇಲ್ಲಿ ಮನೆಯೊಡತಿಯ ಮೊಮ್ಮಗ ಸಮವಸ್ತ್ರ ತೊಟ್ಟು, ತನ್ನ ಅಜ್ಜಿಯನ್ನೇ ಹಗ್ಗದಾಚೆಗೆ ಕಳುಹಿಸುವ ಸಂಬಳ ಪಡೆಯುತ್ತಾನೆ. ನೌಕಾನೆಲೆಗೆ ದೇಶದ ಹೆಸರಿನಲ್ಲಿ ಊರು ಬಿಟ್ಟುಕೊಟ್ಟ ಜಿಲ್ಲೆಯದು. ಬೆಂಗಳೂರಿನವರ ಶನಿವಾರಕ್ಕೂ ಅದು ಬಿಟ್ಟುಕೊಡಬೇಕೆ?

ಆದ್ದರಿಂದ ನಾವು ಬದಲಿ ಸೂಚನೆಯೊಂದನ್ನು ಬರೆದು ಕಾರ್ಯದರ್ಶಿಗಳಿಗೆ ಸಲ್ಲಿಸಿದ್ದೇವೆ. ಪ್ರವಾಸ ಉತ್ತರ ಕನ್ನಡಕ್ಕೇ ಆಗಲಿ. ಊಟ, ವಸತಿ ಊರಿನ ಮನೆಗಳಲ್ಲಿ. ಸ್ಥಳ ಸಾಲದಿದ್ದರೆ ಶಾಲೆಯ ಜಗುಲಿಗಾಗಿ ಅಲ್ಲಿನ ಮುಖ್ಯೋಪಾಧ್ಯಾಯರಿಗೆ ನಾವೇ ಪತ್ರ ಬರೆಯುತ್ತೇವೆ. ಚಾಪೆ, ಹೊದಿಕೆ, ಲೋಟಗಳನ್ನು ಅವರವರೇ ತರತಕ್ಕದ್ದು. ಹೆಸರು ಕೊಡುವವರು ಯುಗಾದಿಯೊಳಗೆ ಕೊಡಬೇಕಾಗಿ ವಿನಂತಿ. ಈವರೆಗೆ ಹನ್ನೊಂದು ಮಂದಿ ಒಪ್ಪಿದ್ದಾರೆ, ಅವರಲ್ಲಿ ನಾಲ್ವರು ಆ ಗಂಜಿ ಕುಡಿದವರು.