ರವಿಕೆ ಚೂರಿನ ಬಣ್ಣದಾಟ

ಹೋದ ತಿಂಗಳು ನಮ್ಮಕ್ಕ ತನ್ನ ಮಗಳ ಮಗುವನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಮಗುವಿಗೆ ಎರಡು ವರ್ಷ ಎರಡು ತಿಂಗಳು. ಬಂದ ಸಂಜೆಯೇ ಅಕ್ಕನ ದೂರು ಶುರುವಾಯಿತು. "ನೋಡೇ, ಕೆಂಪು ಯಾವುದು ಅಂದ್ರೆ ಹಳದಿ ತೋರಿಸ್ತಾನೆ. ಪಕ್ಕದ ಮನೆ ಮಗು ಎಂಟು ಬಣ್ಣ ಹೇಳುತ್ತೆ. ಇವನು ಸ್ವಲ್ಪ ಮಂದಾನೋ ಏನೋ" ಎಂದಳು. ಅದೂ ಮಗುವಿನ ಎದುರಿಗೇ. ನನಗೆ ಚುರುಕ್ ಎಂದಿತು. ಒಂದು ಕಾಲಕ್ಕೆ ನಾನೂ ನನ್ನ ಮಗನಿಗೆ ಇದೇ ಮಾತು ಆಡಿದವಳು. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಆಟ ಮಾಡಿಕೊಳ್ಳೋಣ.

ಬೇಕಾಗುವ ಸಾಮಾನು: ಕೆಂಪು, ಹಳದಿ, ನೀಲಿ ಈ ಮೂರು ಬಣ್ಣದ ಬಟ್ಟೆ. ಒಂದೊಂದು 16 ಇಂಚು ಉದ್ದ, 8 ಇಂಚು ಅಗಲಕ್ಕಿಂತ ಸ್ವಲ್ಪ ದೊಡ್ಡದಿರಲಿ. ದರ್ಜಿಯವರ ಅಂಗಡಿಯಲ್ಲಿ ರವಿಕೆ ಹೊಲಿದು ಮಿಕ್ಕ ಚೂರು ಕೇಳಿದರೆ ಕೊಡುತ್ತಾರೆ. ಜರಿ, ಮಿಣಿಮಿಣಿ ಬಿಲ್ಲೆ, ಹೂವಿನ ಅಚ್ಚು ಇರಬಾರದು. ಹಳೇ ದಿಂಬಿನ ಹತ್ತಿ ಸ್ವಲ್ಪ, ಮಿಠಾಯಿಯ ಖಾಲಿ ರಟ್ಟಿನ ಪೆಟ್ಟಿಗೆ ಮೂರು, ಗಂಜಿ ಅಂಟು.

ಮಾಡುವ ವಿಧಾನ: ಪ್ರತಿ ಬಣ್ಣದ ಬಟ್ಟೆಯಲ್ಲೂ 4 ಇಂಚು ಚೌಕದ ಎಂಟು ಚೂರು ಕತ್ತರಿಸಿಕೊಳ್ಳಿ. ಎರಡೆರಡು ಚೂರು ಸೇರಿಸಿ ಮೂರು ಬದಿ ಹೊಲಿದು, ಒಳಗಿನದನ್ನು ಹೊರಗೆ ಮಾಡಿ, ಹತ್ತಿ ತುಂಬಿ ನಾಲ್ಕನೇ ಬದಿ ಒತ್ತಾಗಿ ಹೊಲಿಯಿರಿ. ಬಣ್ಣಕ್ಕೆ ನಾಲ್ಕರಂತೆ ಹನ್ನೆರಡು ಪುಟ್ಟ ದಿಂಬುಗಳಾದವು. ಉಳಿದ ಚಿಂದಿಯನ್ನೇ ಒಂದೊಂದು ಪೆಟ್ಟಿಗೆಯ ಒಳತಳಕ್ಕೆ ಅಂಟಿಸಿ. ಇಷ್ಟೇ. ಎಲ್ಲ ದಿಂಬೂ ಒಂದೇ ಅಳತೆ, ಒಂದೇ ಆಕಾರ ಇರಲಿ. ಬಣ್ಣವೊಂದೇ ಬೇರೆ ಇದ್ದರೆ ಮಗುವಿನ ಗಮನ ಬಣ್ಣದ ಮೇಲೇ ಹೋಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಮನೆಯಲ್ಲಿ ಹೇರಳವಾಗಿವೆ ಎಂದು ಗುಂಡಿ, ಮಣಿ, ಹುಣಿಸೆ ಬೀಜ, ಕವಡೆ, ಬಾಟಲಿ ಮುಚ್ಚಳ ಕೊಡಲು ಹೋಗಬೇಡಿ. ಮೂರು ವರ್ಷ ತುಂಬುವವರೆಗೂ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತವೆ, ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಕೆಂಪಗೆ ಚೆನ್ನಾಗಿವೆ ಎಂದು ಗುಲಗಂಜಿ ಕೊಡುವುದಂತೂ ಕೂಡದು, ಅದರ ಒಳಗಿನದು ವಿಷ. ದಿಂಬಿಗೂ ರಾಗಿ, ಹೆಸರುಕಾಳು ತುಂಬಬೇಡಿ. ಹೊಲಿಗೆ ಬಿಚ್ಚಿಕೊಂಡರೆ ಮೂಗಿಗೆ, ಬಾಯಿಗೆ ಹೋಗುತ್ತದೆ. ಇನ್ನೊಂದು, ಅಟ್ಟದ ಮೇಲಿನ ಹಳೇ ಪೇಂಟ್ ಡಬ್ಬ ತೆಗೆದು ಕರಟಕ್ಕೆ, ಮರದ ತುಂಡಿಗೆ ಬಳಿಯುವುದೂ ಬೇಡ. ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕಿದ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಕೊಂಡು ತರುವುದೇ ಆದರೆ ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಮರದ ಆಟಿಕೆ ಇದೆಯಲ್ಲ, ದೊಡ್ಡ ತುಂಡಿನದು ನೋಡಿ ತನ್ನಿ.

ನಾನೂ ಒಂದು ಪೆದ್ದುತನ ಮಾಡಿದೆ. ಹಳದಿ ಬಟ್ಟೆ ಸಿಗಲಿಲ್ಲ ಎಂದು ಹಳೇ ಪಂಚೆ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ ದಿಂಬು ಹೊಲಿದೆ. ಎರಡನೇ ದಿನ ಮಗು ಅದರ ಮೇಲೆ ಹಾಲು ಚೆಲ್ಲಿತು. ಸಾಬೂನು ಹಚ್ಚಿದೆನೋ ಇಲ್ಲವೋ, ದಿಂಬು ಕೆಂಪಗಾಯಿತು! ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ, ನಿಂಬೆರಸ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಮಗು ಆ ಒದ್ದೆ ದಿಂಬನ್ನು ನನ್ನ ಕೈಯಿಂದ ಕಿತ್ತುಕೊಂಡು ಸೀದಾ ಕೆಂಪು ಪೆಟ್ಟಿಗೆಗೆ ಹಾಕಿತು. ಅಕ್ಕ ನೋಡುತ್ತಲೇ ನಿಂತಳು. "ಮಂದ ಅಂದೆಯಲ್ಲ, ಈಗೇನಂತೀಯೆ?" ಎಂದೆ. ನೀವು ಮಾತ್ರ ಬಣ್ಣ ಬಿಡದ ಬಟ್ಟೆಯನ್ನೇ ಆರಿಸಿ. ಒದ್ದೆ ಮಾಡಿ ಬಿಳೀ ಬಟ್ಟೆಯ ಮೇಲೆ ಉಜ್ಜಿ ನೋಡಿದರೆ ಗೊತ್ತಾಗುತ್ತದೆ.

ಆಡಿಸುವ ಕ್ರಮ: ಮೊದಲ ದಿನ ಎರಡೇ ಬಣ್ಣ. ನೀವೇ ಒಂದು ದಿಂಬು ತೆಗೆದು ಪೆಟ್ಟಿಗೆಯ ತಳಕ್ಕೆ ಹಿಡಿದು ನೋಡಿ, ಹಾಕಿ ತೋರಿಸಿ. ಹೆಸರು ಕೇಳಬೇಡಿ. ಜೋಡಿ ಹಚ್ಚುವುದು ಮೊದಲು, ಹೆಸರು ಆಮೇಲೆ. ಜೋಡಿ ಸರಿಯಾಗಿ ಹಚ್ಚುವ ಮಗುವಿಗೂ ಹೆಸರು ನಾಲಿಗೆಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. 1939ರಲ್ಲಿ ನಮ್ಮ ದೇಶಕ್ಕೆ ಬಂದು ಶಿಕ್ಷಕರಿಗೆ ಪಾಠ ಹೇಳಿದ ಮಾರಿಯಾ ಮಾಂಟೆಸೊರಿಯವರ ಮೊದಲ ಬಣ್ಣದ ಪೆಟ್ಟಿಗೆಯಲ್ಲೂ ಇದೇ ಕೆಂಪು, ಹಳದಿ, ನೀಲಿಯ ಮೂರು ಜೊತೆ ಇರುತ್ತವೆ. ಅವರ ಪದ್ಧತಿಯಲ್ಲಿ ಹೆಸರು ಕಲಿಸುವುದು ಮೂರು ಮೆಟ್ಟಿಲು. ಮೊದಲು "ಇದು ಕೆಂಪು" ಎಂದು ನಾವು ಹೇಳುವುದು. ಕೆಲವು ದಿನದ ಮೇಲೆ "ಕೆಂಪು ಕೊಡು" ಎಂದು ಕೇಳುವುದು. ಕಟ್ಟಕಡೆಗೆ "ಇದು ಯಾವ ಬಣ್ಣ?" ಎನ್ನುವುದು. ನಾವೋ, ಮೂರನೇ ಮೆಟ್ಟಿಲಿಗೇ ಹಾರಿ ಮಗು ಬಿತ್ತು ಅಂತ ಬಯ್ಯುತ್ತೇವೆ.

ಮನೆಮಂದಿಯೆಲ್ಲ ಒಂದೇ ಹೆಸರು ಹೇಳಬೇಕು. ಅಜ್ಜಿ ಪಚ್ಚೆ ಅಂತಾಳೆ, ಅಪ್ಪ ಹಸಿರು ಅಂತಾನೆ, ಅತ್ತೆ ಗ್ರೀನ್ ಅಂತಾಳೆ. ಮಗು ಯಾವುದನ್ನು ಹಿಡಿಯಬೇಕು? ಹತ್ತು ನಿಮಿಷಕ್ಕಿಂತ ಹೆಚ್ಚು ಆಡಿಸಬೇಡಿ. ತಪ್ಪು ಹಾಕಿದರೆ ಸುಮ್ಮನಿದ್ದು, ಇನ್ನೊಮ್ಮೆ ನೀವು ಹಾಕಿ ತೋರಿಸಿ. ಮೂರು ಬಣ್ಣ ಕೈಗೆ ಹತ್ತಿದ ಮೇಲೆ ಹಸಿರು ಸೇರಿಸಿ.

ಈಗ ನನ್ನ ಮಗನ ಮಾತು. ಅವನು ಮೂರನೇ ಕ್ಲಾಸಿನಲ್ಲಿ ಮರದ ಎಲೆಗೆಲ್ಲ ಕಂದು ಬಣ್ಣ ಬಳಿದು ಬಂದ. ಶಾಲೆಯಲ್ಲಿ ಏಟು ಬಿತ್ತು. ಮನೆಯಲ್ಲಿ ನಾನೂ "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಬೆನ್ನಿಗೆ ಹಾಕಿದೆ. ಅವನು ಆಮೇಲೆ ಚಿತ್ರ ಬರೆಯುವುದನ್ನೇ ಬಿಟ್ಟ. ದೊಡ್ಡವನಾಗಿ ರೈಲು ಓಡಿಸುವ ಕೆಲಸಕ್ಕೆ ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ಗೊತ್ತಾಯಿತು, ಅವನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಬಣ್ಣದ ಚುಕ್ಕಿಗಳ ಮಧ್ಯೆ ಅಂಕಿ ಅಡಗಿಸಿಟ್ಟ ಪುಸ್ತಕವದು. ಜಪಾನಿನ ವೈದ್ಯ ಇಶಿಹಾರಾ 1917ರಲ್ಲಿ ಪ್ರಕಟಿಸಿದ್ದು, ಈಗಲೂ ಬಳಕೆಯಲ್ಲಿದೆ.

ಡಾಕ್ಟರು ಕೇಳಿದರು, "ನಿಮ್ಮ ತಂದೆಗೆ ಹೀಗಿತ್ತೇ?" ಆಗ ನೆನಪಾಯಿತು. ಅಪ್ಪ ಗಿಡದಲ್ಲಿ ಹಣ್ಣು ಮೆಣಸಿನಕಾಯಿ ಬಿಡಿಸಲು ನಮ್ಮನ್ನೇ ಕರೆಯುತ್ತಿದ್ದರು. ಸೋಮಾರಿತನ ಎಂದು ಅಮ್ಮ ನಗುತ್ತಿದ್ದಳು. ಈ ದೋಷ ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಇಳಿಯುತ್ತದಂತೆ. ಹೊತ್ತು ತಂದ ನನಗೆ ಮಾತ್ರ ಎಲ್ಲ ಬಣ್ಣವೂ ಕಾಣುತ್ತದೆ. ಅಂದಮೇಲೆ ಅಕ್ಕನಿಗೂ ಇದು ಬಂದಿದೆ. ಅವಳ ಮಗಳಿಗೆ ಬಂದಿರಬಹುದು, ಬಾರದೆಯೂ ಇರಬಹುದು. ಮೊಮ್ಮಗನ ವಿಷಯವೂ ಹಾಗೆಯೇ. ಎರಡು ವರ್ಷಕ್ಕೆ ಯಾರೂ ತೀರ್ಮಾನ ಹೇಳಲಾಗದು. ಈ ದೋಷ ಇದ್ದವರಿಗೂ ಹಳದಿ, ನೀಲಿ ಚೆನ್ನಾಗಿ ಕಾಣುತ್ತವೆ. ನಾಲ್ಕೈದು ವರ್ಷಕ್ಕೆ ಬಂದ ಮೇಲೂ ಕೆಂಪು, ಹಸಿರು, ಕಂದುಗಳನ್ನೇ ಪದೇ ಪದೇ ಬೆರೆಸಿದರೆ, ಶಾಲೆಗೆ ಹಾಕುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಟೀಚರಿಗೂ ತಿಳಿಸಿ. ಇದಕ್ಕೆ ಔಷಧಿಯಿಲ್ಲ. ಆದರೆ ಗೊತ್ತಿದ್ದರೆ ಏಟು ತಪ್ಪುತ್ತದೆ.

ಊರಿಗೆ ಹೊರಡುವ ದಿನ ಅಕ್ಕ ಹನ್ನೆರಡು ದಿಂಬನ್ನೂ ಚೀಲಕ್ಕೆ ತುಂಬಿಕೊಂಡಳು. ಅರಿಶಿನದ್ದರ ಬದಲು ಅಂಗಡಿ ಬಟ್ಟೆಯದು ಹೊಲಿದುಕೊಟ್ಟಿದ್ದೆ. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ನನಗೂ ಇಂಥದ್ದು ಹೊಲಿದಿದ್ದೆಯೇನಮ್ಮಾ?" ಎಂದು ಕೇಳಿದ. ಇಲ್ಲ ಕಣೋ ಎಂದೆ.