ಯಂತ್ರನಾದವೂ ಕೇಳುಗನ ಅಭಿರುಚಿಯೂ

ಅವರವರ ರುಚಿ ಅವರವರಿಗೆ ಎಂಬ ಮಾತು ಊಟದ ಪಂಕ್ತಿಯಲ್ಲಿ ಹೇಗೋ ಹಾಗೆಯೇ ಸಂಗೀತದ ಸಭೆಯಲ್ಲಿಯೂ ಚರ್ಚೆಯನ್ನು ಮುಗಿಸಲು ಒದಗಿಬರುತ್ತದೆ. ರುಚಿಗಾಗಿ ಜಗಳವಾಡಬಾರದೆಂಬುದು ಸರಿಯೇ. ಆದರೆ ರುಚಿಯನ್ನು ವಿಚಾರಿಸಿ ನೋಡಲೇಬಾರದೆಂದು ಅದರ ಅರ್ಥವಾಗದು. ಎಲೆಕ್ಟ್ರಾನಿಕ್ ಯಂತ್ರಗಳಿಂದ ಹೊರಡುವ ಸಂಗೀತದ ಬಗೆಗೆ, ಅದರಲ್ಲಿಯೂ ಆಂಬಿಯೆಂಟ್ ಎಂದು ಹೆಸರಾದ, ಮನೆಯ ಗಾಳಿ ಬೆಳಕುಗಳಂತೆ ಸುಮ್ಮನೆ ಸುತ್ತ ಹರಡಿಕೊಂಡಿರುವ ಸಂಗೀತದ ಬಗೆಗೆ ಕೇಳಿಬರುವ ತೀರ್ಪುಗಳನ್ನು ಗಮನಿಸಿದರೆ ಈ ವಿಚಾರಣೆ ಅಗತ್ಯವೆನಿಸುತ್ತದೆ. "ಇದು ಸಂಗೀತವೇ ಅಲ್ಲ" ಎನ್ನುವರು ಒಬ್ಬರು. "ಇಂಥ ನೆಮ್ಮದಿ ಬೇರೆಲ್ಲಿಯೂ ಇಲ್ಲ" ಎನ್ನುವರು ಇನ್ನೊಬ್ಬರು. ಇಬ್ಬರ ಕಿವಿಗೂ ಬಿದ್ದದ್ದು ಒಂದೇ ನಾದ.

ಈ ಸಂಗೀತಕ್ಕೆ ಆ ಹೆಸರು ನಿಲ್ಲುವಂತೆ ಮಾಡಿದವರು ಇಂಗ್ಲೆಂಡಿನ ಬ್ರಯನ್ ಈನೊ. 1975ರ ಆರಂಭದಲ್ಲಿ ಅವರು ರಸ್ತೆ ಅಪಘಾತಕ್ಕೊಳಗಾಗಿ ಹಾಸಿಗೆ ಹಿಡಿದಿದ್ದಾಗ, ನೋಡಲು ಬಂದ ಗೆಳತಿಯೊಬ್ಬರು ಹಾರ್ಪ್ ವಾದ್ಯದ ಒಂದು ಧ್ವನಿಮುದ್ರಿಕೆಯನ್ನು ಕೊಟ್ಟುಹೋದರು. ಬಹು ಪ್ರಯಾಸದಿಂದ ಅದನ್ನು ಹಚ್ಚಿ ಮರಳಿ ಮಲಗಿದ ಮೇಲೆ, ಧ್ವನಿ ತೀರ ಸಣ್ಣದಾಗಿದೆಯೆಂದೂ ಎರಡು ಧ್ವನಿವಾಹಿನಿಗಳಲ್ಲಿ ಒಂದು ಕೆಟ್ಟಿದೆಯೆಂದೂ ತಿಳಿಯಿತು. ಎದ್ದು ಸರಿಪಡಿಸಲು ತ್ರಾಣವಿರಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಮಳೆಯ ಸದ್ದಿನಲ್ಲಿ ಅರ್ಧ ಮುಳುಗಿ ಅರ್ಧ ತೇಲುತ್ತಿದ್ದ ಆ ತಂತಿಗಳ ನಾದವನ್ನು ವಿಧಿಯಿಲ್ಲದೆ ಕೇಳುತ್ತ ಮಲಗಿದಾಗ, ಸಂಗೀತವೂ ಬೆಳಕಿನ ಬಣ್ಣದಂತೆ ಆವರಣದ ಒಂದು ಅಂಶವಾಗಬಹುದೆಂಬುದು ಅವರಿಗೆ ಹೊಳೆಯಿತು. ಅದರ ಫಲವಾಗಿ 1978ರಲ್ಲಿ ವಿಮಾನ ನಿಲ್ದಾಣಗಳಿಗಾಗಿ ರಚಿಸಿದ ಅವರ ಧ್ವನಿಮುದ್ರಿಕೆ ಬಂದಿತು. ಅದರ ಒಂದು ಭಾಗದಲ್ಲಿ ಒಂದೊಂದೇ ಸ್ವರವನ್ನು ಹಿಡಿದ ಕಂಠಗಳಿವೆ. ಬೇರೆ ಬೇರೆ ಉದ್ದದ ಟೇಪಿನ ಸುರುಳಿಗಳಲ್ಲಿ ಅವು ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಸುರುಳಿಗಳ ಅಳತೆ ಹೊಂದದಿರುವುದರಿಂದ ಒಮ್ಮೆ ಕೂಡಿದ ಸ್ವರಗಳು ಮತ್ತೆ ಅದೇ ರೀತಿಯಲ್ಲಿ ಕೂಡುವುದು ಬಹು ಅಪರೂಪ. ಆದಿ, ಅಂತ್ಯ, ಏರಿಕೆ, ಇಳಿಕೆ ಯಾವುದೂ ಅಲ್ಲಿಲ್ಲ.

ಖ್ಯಾಲ್ ಕೇಳಿ ಬೆಳೆದ ಧಾರವಾಡದ ರಸಿಕನೊಬ್ಬನನ್ನು ಇದರ ಮುಂದೆ ಕೂರಿಸಿದರೆ ಅವನು ಹತ್ತು ನಿಮಿಷಗಳಲ್ಲಿ ಚಡಪಡಿಸುವುದು ಸಹಜ. ಆಲಾಪದ ಬಳಿಕ ಬಂದಿಶ್ ಬರಬೇಕು, ತಾನಗಳು ಹೊಮ್ಮಬೇಕು, ಸುತ್ತಿ ಬಳಸಿ ಸಮ್‌ಗೆ ಬಂದಿಳಿದಾಗ ತಲೆ ತಾನಾಗಿ ತೂಗಬೇಕು: ಅವನ ಕಿವಿ ಇದಕ್ಕಾಗಿ ಕಾದು ಕುಳಿತಿದೆ. ಸಮ್ ಬರುವುದೇ ಇಲ್ಲ. ಚಲನಚಿತ್ರ ಗೀತೆಗಳ ಪ್ರೇಮಿ ಪಲ್ಲವಿಗೆ ಕಾಯುತ್ತಾನೆ, ಪಲ್ಲವಿಯೂ ಬಾರದು. ಅಭಿರುಚಿಯೆಂದರೆ ಕೇಳಿದ ಮೇಲೆ ಕೊಡುವ ತೀರ್ಪು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ಅದರ ಬಹುಭಾಗ ಕೇಳುವ ಮೊದಲೇ ಕಿವಿಯಲ್ಲಿ ಮನೆಮಾಡಿಕೊಂಡ ನಿರೀಕ್ಷೆಯೇ ಆಗಿರುತ್ತದೆ. ಕಾದದ್ದು ಬರಲಿಲ್ಲವೆಂಬ ಬೇಸರವೇ "ಇದರಲ್ಲಿ ಏನೂ ಇಲ್ಲ" ಎಂಬ ಮಾತಾಗಿ ಹೊರಬೀಳುತ್ತದೆ.

ನಿರೀಕ್ಷೆಯ ಬಲ ಎಷ್ಟೆಂಬುದನ್ನು ಫ್ರಾನ್ಸಿನ ಎರಿಕ್ ಸಾಟಿ ಅವರು ಬಹು ಮೊದಲೇ ಕಂಡಿದ್ದರು. 1920ರಲ್ಲಿ ಪ್ಯಾರಿಸ್ಸಿನ ಚಿತ್ರಶಾಲೆಯೊಂದರಲ್ಲಿ ನಾಟಕದ ವಿರಾಮದ ವೇಳೆಗೆ, ಮೇಜು ಕುರ್ಚಿಗಳಂತೆ ಸುಮ್ಮನಿರಬೇಕಾದ ಸಂಗೀತವೊಂದನ್ನು ಅವರು ನುಡಿಸಿದರು. ವಾದಕರು ಅಲ್ಲಲ್ಲಿ ಚದುರಿ ಕುಳಿತಿದ್ದರು. ಸಂಗೀತ ಮೊದಲಾದುದೇ ತಡ, ಓಡಾಡುತ್ತಿದ್ದ ಸಭಿಕರು ತಮ್ಮ ತಮ್ಮ ಆಸನಗಳಿಗೆ ಮರಳಿ ಗಂಭೀರವಾಗಿ ಕೇಳತೊಡಗಿದರು! ಮಾತನಾಡಿ, ತಿರುಗಾಡಿ, ಕೇಳಬೇಡಿ ಎಂದು ಸಾಟಿ ಅವರು ಅಂಗಲಾಚಿದರೂ ಪ್ರಯೋಜನವಾಗಲಿಲ್ಲ. ಸಂಗೀತವೆಂದರೆ ಮೌನವಾಗಿ ಕುಳಿತು ಕೇಳತಕ್ಕದ್ದೆಂಬ ಶಿಷ್ಟಾಚಾರ ಆ ಜನರ ಮೈಗೆ ಹತ್ತಿಬಿಟ್ಟಿತ್ತು.

ಈ ವಿಷಯದಲ್ಲಿ ಕನ್ನಡ ನಾಡಿನ ಕೇಳುಗ ಪ್ಯಾರಿಸ್ಸಿನವರಿಗಿಂತ ಅನುಭವಿಯೆನ್ನಬೇಕು. ಉತ್ತರದ ಸನಾದಿಯಾಗಲಿ ದಕ್ಷಿಣದ ನಾಗಸ್ವರವಾಗಲಿ, ಮದುವೆಯ ಚಪ್ಪರದ ವಾಲಗವನ್ನು ಕೈಕಟ್ಟಿ ಕುಳಿತು ಕೇಳುವವರು ಎಷ್ಟು ಮಂದಿ? ಬೀಗರ ಉಪಚಾರ, ಅಡುಗೆಯವರ ಕೂಗು, ಮಕ್ಕಳ ಅಳು ಎಲ್ಲದರ ನಡುವೆ ಅದು ನುಡಿಯುತ್ತಿರುತ್ತದೆ. ನಿಂತಾಗ ಮಾತ್ರ ಮದುವೆಯ ಮನೆ ಭಣಗುಡುತ್ತದೆ. ಅಕ್ಷತೆ ಬೀಳುವ ಹೊತ್ತಿನ ಗಟ್ಟಿಮೇಳವಂತೂ ಅಪಶಕುನದ ಸದ್ದುಗಳು ಯಾರ ಕಿವಿಗೂ ಬೀಳದಿರಲೆಂಬ ಉದ್ದೇಶದ್ದು. ಹೀಗೆ ಕೇಳಿಯೂ ಕೇಳದಂತಿರುವ ವಿದ್ಯೆ ಇಲ್ಲಿ ಹಳೆಯದು.

ಇನ್ನು ತಂಬೂರಿ. ಅದಕ್ಕೆ ನಾಲ್ಕು ತಂತಿಗಳು. ಕಛೇರಿಯ ಆರಂಭದಿಂದ ಮುಗಿಯುವವರೆಗೆ ಅದು ನುಡಿಯುವುದು ಒಂದೇ ಮಾತನ್ನು. ಅದರಲ್ಲಿ ಕಥೆಯಿಲ್ಲ, ತಿರುವಿಲ್ಲ; ಸಭಿಕರು ಅದಕ್ಕಾಗಿ ಚಪ್ಪಾಳೆ ತಟ್ಟಿದ್ದೂ ಇಲ್ಲ. ಆದರೆ ಕಿವಿಗೊಟ್ಟವನಿಗೆ ಅದು ಬರಿದಲ್ಲ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾವ ತಂತಿಗೂ ಕಟ್ಟದ ಗಾಂಧಾರ ತಾನಾಗಿಯೇ ಕೇಳಿಬರುತ್ತದೆ. ಅದಕ್ಕೆ ಸ್ವಯಂಭೂ ಗಾಂಧಾರವೆಂದು ಹೆಸರು. ಒಂದು ತಂತಿ ಮಿಡಿದಾಗ ಅದರೊಡನೆ ಹುಟ್ಟುವ ಸೂಕ್ಷ್ಮ ಸ್ವರಗಳಲ್ಲಿ ಐದನೆಯದು ಅದು. ಈನೊ ಅವರ ಸಂಗೀತದಲ್ಲಿ ಏನೂ ನಡೆಯುವುದಿಲ್ಲವೆಂದು ದೂರುವ ರಸಿಕನು ಏನೂ ನಡೆಯದ ನಾದದ ಎದುರಿಗೆ ಆಯುಷ್ಯವಿಡೀ ಸಂತೋಷದಿಂದ ಕುಳಿತಿದ್ದಾನೆ. ಅವನು ಇದಕ್ಕೆ ಉತ್ತರವಾಗಿ, ತಂಬೂರಿ ಹಾಡಿಗಾಗಿ ಹಾಸಿದ ನೆಲ, ಬರಿಯ ನೆಲವನ್ನೇ ಹಾಸಿ ಗಾಯಕನನ್ನು ಕರೆತರದಿದ್ದರೆ ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು, ಅದಕ್ಕೆ ಸುಲಭದ ಉತ್ತರವೂ ಇಲ್ಲ. ಕೆಲವರಿಗೆ ನೆಲವೇ ಸಾಕು, ಕೆಲವರಿಗೆ ಸಾಲದು. ಅಭಿರುಚಿಯ ನಿಜವಾದ ಕವಲು ಇರುವುದು ಇಲ್ಲಿ. ಆದರೆ ಇಲ್ಲಿಯವರೆಗೆ ಬಂದು ಕವಲೊಡೆಯುವವರು ಕಡಿಮೆ. ಹೆಚ್ಚಿನವರು ಊರಬಾಗಿಲಿನಲ್ಲಿಯೇ ತಿರುಗಿಕೊಳ್ಳುತ್ತಾರೆ.

ತಂಬೂರಿಯೇ ಯಂತ್ರವಾದಾಗ ಈ ಮಾತು ಇನ್ನೂ ಸ್ಪಷ್ಟವಾಯಿತು. 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ, ಎಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಹಿಡಿದು ಒಯ್ಯಲು ಸುಲಭ. ಮೀಟಲು ಇನ್ನೊಬ್ಬರು ಬೇಕಿಲ್ಲ. ಮಳೆಗಾಲದ ತೇವಕ್ಕೆ ಶ್ರುತಿ ಕದಲದು. ಸಾಧಕರಿಗೆ ಇದೊಂದು ಉಪಕಾರವೇ ಆಯಿತು. ಆಕ್ಷೇಪಗಳೂ ಬಂದವು. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಎಳೆದಾರಕ್ಕೆ ಜೀವ ಎಂದೇ ಹೆಸರು. ಅದನ್ನು ಕೂದಲೆಳೆಯಷ್ಟು ಸರಿಸಿದರೂ ನಾದದ ಝೇಂಕಾರ ಬದಲಾಗುತ್ತದೆ. ಯಂತ್ರದಲ್ಲಿ ಜೀವವಿಲ್ಲ ಎಂದವರು ಎರಡು ಅರ್ಥಗಳಲ್ಲಿಯೂ ಸುಳ್ಳಾಡಲಿಲ್ಲ. ಇದು ಕೇಳಿ, ಹೋಲಿಸಿ, ವ್ಯತ್ಯಾಸವನ್ನು ಬೆರಳಿಟ್ಟು ತೋರಿಸುವ ಟೀಕೆ, ಗೌರವಕ್ಕೆ ಅರ್ಹವಾದುದು. ಯಂತ್ರವೆಂದೊಡನೆ ಮೂಗು ಮುರಿಯುವುದು ಬೇರೆ.

ಹಾರ್ಮೋನಿಯಮ್ಮಿನ ಪ್ರಕರಣ ಇನ್ನೂ ಮರೆತುಹೋಗಿಲ್ಲ. ಪರದೇಶದಿಂದ ಬಂದ ವಾದ್ಯ, ಅದರಲ್ಲಿ ಮೀಂಡ್ ಬಾರದು, ಗಮಕ ಬಾರದು ಎಂಬ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ರವೀಂದ್ರನಾಥ ಠಾಕೂರರಿಗೂ ಅದು ಹಿಡಿಸಿರಲಿಲ್ಲ. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ಮೂರು ದಶಕಗಳ ಕಾಲ ನಾಟಕ ಕಂಪನಿಗಳಲ್ಲಿ, ಭಜನೆಯ ಮನೆಗಳಲ್ಲಿ ಅದು ನುಡಿಯುತ್ತಲೇ ಇತ್ತು. ಇಂದು ವಚನಗಾಯನವನ್ನು ಹಾರ್ಮೋನಿಯಂ ಇಲ್ಲದೆ ಊಹಿಸುವವರೇ ಕಡಿಮೆ. ವಾದ್ಯದ ದೋಷವೇನೂ ನೀಗಲಿಲ್ಲ, ಮೀಂಡ್ ಇಂದಿಗೂ ಬಾರದು, ಕಿವಿಗಳು ಒಗ್ಗಿಕೊಂಡವು.

ಮುಂಬಯಿಯ ಚಲನಚಿತ್ರ ವಾದಕ ಚರಣಜಿತ್ ಸಿಂಗ್ ಅವರ ಅನುಭವವೂ ಇಂಥದೇ. 1982ರಲ್ಲಿ ಅವರು ಜಪಾನಿನ ಮೂರು ಯಂತ್ರಗಳನ್ನಿಟ್ಟುಕೊಂಡು ಭೈರವ, ಯಮನ್, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಧ್ವನಿಮುದ್ರಿಸಿದರು. ಯಾರೂ ಕೊಳ್ಳಲಿಲ್ಲವೆಂದರೂ ನಡೆದೀತು. ಶಿಕಾಗೊ ನಗರದಲ್ಲಿ ಅದೇ ಬಗೆಯ ಯಂತ್ರದಿಂದ ಹೊಸ ಕುಣಿತದ ಸಂಗೀತವೊಂದು ಹುಟ್ಟಿ ಹೆಸರಾದದ್ದು ಆ ದಶಕದ ಉತ್ತರಾರ್ಧದಲ್ಲಿ. ಆ ಸಂಗೀತಕ್ಕೆ ಕಿವಿ ಹದಗೊಂಡ ತಲೆಮಾರೊಂದು, 2010ರಲ್ಲಿ ಸಿಂಗ್ ಅವರ ಮುದ್ರಿಕೆ ಮರಳಿ ಪ್ರಕಟವಾದಾಗ ಬೆರಗಾಗಿ ಕೇಳಿತು. 2015ರಲ್ಲಿ ತೀರಿಕೊಳ್ಳುವ ಮುನ್ನ ಅವರು ಯೂರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿ ಬಂದರು. ಇಪ್ಪತ್ತೆಂಟು ವರ್ಷಗಳಲ್ಲಿ ಅದರ ಒಂದು ಸ್ವರವೂ ಬದಲಾಗಿರಲಿಲ್ಲ.

ಹಾಗೆಂದು ಎಲ್ಲವೂ ರೂಢಿಯ ಆಟವೆಂದು ಸಾಧಿಸಹೊರಟರೆ ಅದು ಅತಿಯಾದೀತು. ಬೊಲಿವಿಯದ ಕಾಡಿನಲ್ಲಿ ವಾಸಿಸುವ ತ್ಸಿಮಾನೆ ಜನರ ನಡುವೆ ನಡೆದು 2016ರಲ್ಲಿ ಪ್ರಕಟವಾದ ಸಂಶೋಧನೆ ಇಲ್ಲಿ ಉಪಯುಕ್ತ. ಪಾಶ್ಚಾತ್ಯ ಸಂಗೀತದಲ್ಲಿ ಹಿತವೆಂದೂ ಕರ್ಕಶವೆಂದೂ ಎಣಿಸುವ ಸ್ವರಮೇಳಗಳೆರಡೂ ಆ ಜನರಿಗೆ ಸಮಾನವಾಗಿಯೇ ಹಿತವೆನಿಸಿದವು. ಆದರೆ ಗರಗರ ಕೊರೆಯುವ ಒರಟು ಸದ್ದು ಬೇರೆಯವರಿಗೆ ಹೇಗೋ ಹಾಗೆ ಅವರಿಗೂ ಒಗ್ಗಲಿಲ್ಲ. ಮೈಗೆ ಅದರದೇ ಮಿತಿಗಳುಂಟು. ಅವುಗಳ ಮೇಲೆ ಬೆಳೆದುದು ಬಳಕೆ. ಆಂಬಿಯೆಂಟ್ ಎಂಬ ಹೆಸರಿನಲ್ಲಿ ನಿದ್ರೆಗಾಗಿ, ಓದಿಗಾಗಿ ಎಂದು ಇಂದು ಗಂಟೆಗಟ್ಟಲೆ ಸುರಿಯುವ ಸರಕಿನಲ್ಲಿ ಬಹುಪಾಲು ನೀರಸವೆಂಬುದನ್ನೂ ಹೇಳದಿರಲಾಗದು. ಅದನ್ನು ನೀರಸವೆನ್ನುವ ಅಧಿಕಾರ ಕೇಳಿದವನಿಗಿದೆ, ಕೇಳದವನಿಗಿಲ್ಲ.

ಶಿಕ್ಷಕರ ಮಟ್ಟಿಗೆ ಇದು ಬರಿಯ ರಸಚರ್ಚೆಯಲ್ಲ. ಹದಿಮೂರು ವರ್ಷದ ಹುಡುಗನೊಬ್ಬ ತಾನು ಮೆಚ್ಚಿದ ಯಂತ್ರನಾದವನ್ನು ಕೇಳಿಸಲು ಬಂದಾಗ "ಇದೂ ಒಂದು ಸಂಗೀತವೇ?" ಎಂದು ಗುರುಗಳು ನಕ್ಕರೆ, ಅವನು ತನ್ನ ಮೆಚ್ಚಿಕೆಯನ್ನು ಬಿಡುವುದಿಲ್ಲ, ಗುರುಗಳಿಗೆ ಕೇಳಿಸುವುದನ್ನು ಬಿಡುತ್ತಾನೆ. ಮರುದಿನ ಗುರುಗಳು ಮಲ್ಲಿಕಾರ್ಜುನ ಮನಸೂರರ ಹಾಡಿಕೆಯನ್ನು ಕೇಳಿಸಹೊರಟಾಗ ಅವನ ಕಿವಿಯೂ ಅಷ್ಟೇ ಬೇಗ ಮುಚ್ಚಿಕೊಳ್ಳುತ್ತದೆ. ಹುಡುಗನು ತಂದದ್ದನ್ನು ಹತ್ತು ನಿಮಿಷ ಕೇಳಿ, ಅದರಲ್ಲಿ ಯಾವ ಸ್ವರ ನಿಂತಿದೆ, ಯಾವುದು ಸರಿಯುತ್ತಿದೆ ಎಂದು ಅವನನ್ನೇ ವಿಚಾರಿಸಿದರೆ, ಅದೇ ಪ್ರಶ್ನೆಯನ್ನು ಹಿಡಿದು ಅವನನ್ನು ತಂಬೂರಿಯ ಬಳಿಗೆ ಕರೆದೊಯ್ಯಬಹುದು.

ಅದಕ್ಕೆ ಶಾಲೆಯಲ್ಲಿ ನುಡಿಯುವ ತಂಬೂರಿಯೊಂದು ಇರಬೇಕು. ಅನೇಕ ಶಾಲೆಗಳ ಸಂಗೀತದ ಕೋಣೆಗಳಲ್ಲಿ ದಾನವಾಗಿ ಬಂದ ಎಲೆಕ್ಟ್ರಾನಿಕ್ ಪೆಟ್ಟಿಗೆ ಮೇಜಿನ ಮೇಲಿದ್ದರೆ, ಹಳೆಯ ತಂಬೂರಿ ತಂತಿ ಹರಿದು, ಗವಸು ಹೊದ್ದು ಮೂಲೆ ಹಿಡಿದಿರುತ್ತದೆ. ಪೆಟ್ಟಿಗೆ ಕೊಡುವ ದಾನಿಗಳು ಅದರೊಡನೆ ನಾಲ್ಕು ತಂತಿಗಳ ಬೆಲೆಯನ್ನೂ ಸೇರಿಸಿ ಕೊಟ್ಟರೆ, ಮಕ್ಕಳು ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ಕೇಳಿ, ಜೀವದ ದಾರವನ್ನು ತಮ್ಮ ಕೈಯಿಂದಲೇ ಸರಿಸಿ ನೋಡಿಯಾರು.